ಒಂದು ಧ್ವನಿ ಜಗತ್ತಿನ ಎಷ್ಟು ಭಾಷೆಗಳಲ್ಲಿದೆ? ಸರಿಯಾಗಿ ಎಣಿಸುವ ಸಮಗ್ರ ಮಾರ್ಗದರ್ಶಿ

“ಳ ಅನ್ನೋ ಧ್ವನಿ ನಮ್ಮ ಕಡೆ ಬಿಟ್ಟರೆ ಎಲ್ಲೂ ಇಲ್ಲ.” “ೞ ಇರುವುದು ತಮಿಳು, ಮಲಯಾಳಂನಲ್ಲಿ ಮಾತ್ರ.” “ಪ, ಬ, ಮ ಇಲ್ಲದ ಭಾಷೆಯೇ ಇಲ್ಲ.” (ೞ ಎಂದರೆ ಹಳಗನ್ನಡದಲ್ಲಿದ್ದ ಒಂದು ಹಳೆಯ ಅಕ್ಷರ.) ಈ ಮೂರೂ ತಪ್ಪು. ಆದರೂ ಭಾಷೆಯ ಮೇಲೆ ಪ್ರೀತಿ ಇರುವವರೇ ಇಂಥ ಮಾತುಗಳನ್ನು ಜಾಸ್ತಿ ಹಂಚುತ್ತಾರೆ. ಕೆಲವರು ಅಂಕಿ ಹುಡುಕಿ ಖಚಿತ ಮಾಡಿಕೊಳ್ಳಲು ಹೊರಡುತ್ತಾರೆ, ಅವರೂ ದಾರಿಯಲ್ಲಿ ಎಡವುತ್ತಾರೆ. ಮಾಹಿತಿಗೇನೂ ಬರವಿಲ್ಲ, ಅದು ಉಚಿತವಾಗಿಯೇ ಸಿಗುತ್ತದೆ. ಎಡವಟ್ಟಾಗುವುದು ಕೆಲಸದ ಕ್ರಮದಲ್ಲಿ. ಹೆಚ್ಚಿನವರು ಮೊದಲೇ ಹುಡುಕುವ ಪೆಟ್ಟಿಗೆಗೆ ಹೋಗಿ ಒಂದು ಅಕ್ಷರ ಒತ್ತುತ್ತಾರೆ. ಆ ಕೆಲಸ ಬರಬೇಕಾದದ್ದು ನಾಲ್ಕನೇ ಹಂತದಲ್ಲಿ.

ಇಲ್ಲಿ ಳ ಧ್ವನಿಯನ್ನೇ ಹಿಡಿದು ಮೊದಲಿಂದ ಕೊನೆಯವರೆಗೆ ಹೋಗೋಣ. ನಿಮಗೆ ಬೇಕಾದ ಧ್ವನಿ ಬೇರೆಯಾಗಿದ್ದರೂ ಕ್ರಮ ಇದೇ.

### ಏನೇನು ಬೇಕು

ಒಂದು ಕಂಪ್ಯೂಟರ್ ಬೇಕು. ಮೊಬೈಲಿನಲ್ಲಿ ನೋಡಬಹುದು, ಎಣಿಸುವುದು ಕಷ್ಟ. ಎಕ್ಸೆಲ್ ಅಥವಾ ಲಿಬ್ರೆ ಆಫೀಸ್ ಇದ್ದರೆ ಸಾಕು, ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ.

ಮುಖ್ಯ ಆಕರ ಫಾಯ್ಬಲ್, ಅಂದರೆ ಜಗತ್ತಿನ ಭಾಷೆಗಳ ಧ್ವನಿಪಟ್ಟಿಗಳನ್ನು ಒಂದೆಡೆ ಕೂಡಿಟ್ಟ ಜಾಲತಾಣ. ಇಂಗ್ಲಿಷಿನಲ್ಲಿ ಹುಡುಕುವಾಗ ಪಿ-ಎಚ್-ಒ-ಐ-ಬಿ-ಎಲ್-ಇ ಎಂದು ಒತ್ತಿ. ಸ್ಟೀವನ್ ಮೋರನ್ ಮತ್ತು ಡೇನಿಯಲ್ ಮೆಕ್‌ಲಾಯ್ ಸಂಪಾದಿಸಿರುವ ಇದರ 2.0 ಆವೃತ್ತಿ 2019ರಲ್ಲಿ ಬಂತು. 2,186 ಭಾಷೆಗಳ 3,020 ಧ್ವನಿಪಟ್ಟಿಗಳು ಅದರಲ್ಲಿವೆ. ಈ ಎರಡು ಸಂಖ್ಯೆ ಯಾಕೆ ಬೇರೆ ಬೇರೆ ಎಂಬುದು ಐದನೇ ಹಂತದಲ್ಲಿ ಬರುತ್ತದೆ. ಈಗಲೇ ಗುರುತು ಹಾಕಿಕೊಳ್ಳಿ.

ತಾಳೆ ನೋಡಲು ವಾಲ್ಸ್ ಬೇಕು. ಇದು ಜಗತ್ತಿನ ಭಾಷೆಗಳ ರಚನೆಯ ಭೂಪಟ, 2005ರಲ್ಲಿ ಪುಸ್ತಕವಾಗಿ ಬಂದು ಆಮೇಲೆ ಜಾಲಕ್ಕೆ ಏರಿತು. ಭಾಷೆ ಯಾವ ಕುಟುಂಬದ್ದು ಎಂದು ತಿಳಿಯಲು ಗ್ಲಾಟೋಲಾಗ್ ನೋಡಬೇಕು. ಇವುಗಳ ಜೊತೆಗೆ ಒತ್ತಿದರೆ ಉಚ್ಚಾರ ಕೇಳಿಸುವ ಐಪಿಎ ಪಟ, ಅಂದರೆ ಅಂತರರಾಷ್ಟ್ರೀಯ ಧ್ವನಿಲಿಪಿಯ ಪಟ, ಒಂದು ತೆರೆದಿರಲಿ.

### ಹಂತ 1: ಪ್ರಶ್ನೆ ಯಾವುದು ಅಂತ ತೀರ್ಮಾನಿಸಿ

“ಈ ಧ್ವನಿ ಎಷ್ಟು ಸಾಮಾನ್ಯ?” ಎಂದರೆ ಮೂರು ಬೇರೆ ಪ್ರಶ್ನೆಗಳಾಗಬಹುದು. ಎಷ್ಟು ಭಾಷೆಗಳಲ್ಲಿ ಇದೆ? ಎಷ್ಟು ಜನ ಅದನ್ನು ಆಡುತ್ತಾರೆ? ಒಂದು ಭಾಷೆಯ ಮಾತಿನಲ್ಲಿ ಎಷ್ಟು ಸಲ ಬರುತ್ತದೆ?

ಇಂಗ್ಲಿಷಿನ ‘ದಿಸ್’, ‘ಥಿಂಕ್’ ಪದಗಳ ಮೊದಲ ಧ್ವನಿ ತೆಗೆದುಕೊಳ್ಳಿ. ಇಂಗ್ಲಿಷರು ಹೇಳುವ ಹಾಗೆ, ನಾಲಗೆ ತುದಿ ಹಲ್ಲಿನ ನಡುವೆ ಇಟ್ಟು ಗಾಳಿ ಬಿಡುವ ಧ್ವನಿ. ವಾಲ್ಸ್ ನೋಡಿದ 567 ಭಾಷೆಗಳಲ್ಲಿ ಇಂಥ ಧ್ವನಿ ಇರುವುದು ಸುಮಾರು 40ರಲ್ಲಿ. ಭಾಷೆಗಳ ಲೆಕ್ಕದಲ್ಲಿ ಅಪರೂಪದ್ದೇ. ಆದರೆ ಇಂಗ್ಲಿಷ್ ಆಡುವವರು ಕೋಟಿಗಟ್ಟಲೆ, ಅವರ ಮಾತಿನಲ್ಲಿ ‘ದ’ ಎನ್ನುವ ಪುಟ್ಟ ಪದ ಹೆಜ್ಜೆ ಹೆಜ್ಜೆಗೂ ಬರುತ್ತದೆ. ಒಂದೇ ಧ್ವನಿ, ಮೂರು ಪ್ರಶ್ನೆಗೆ ಮೂರು ಉತ್ತರ. ನಮ್ಮ ಭ, ಧ, ಘ ಕೂಡ ಹೀಗೆಯೇ. ಅವು ಇರುವ ಭಾಷೆಗಳು ಕಡಿಮೆ. ಆದರೆ ಹಿಂದಿ, ಬಂಗಾಳಿ, ಮರಾಠಿ ಆ ಪಟ್ಟಿಯಲ್ಲಿ ಇರುವುದರಿಂದ ಆಡುವ ಜನ ಬಹಳ.

ಈ ಮಾರ್ಗದರ್ಶಿ ಮೊದಲ ಪ್ರಶ್ನೆಗೆ ಮಾತ್ರ. ಫಾಯ್ಬಲ್ ಉತ್ತರಿಸುವುದೂ ಅದೊಂದನ್ನೇ. ಳ ಕನ್ನಡ ಪದದ ಮೊದಲಲ್ಲಿ ಬರುವುದಿಲ್ಲ, ನಡುವೆ ಧಾರಾಳವಾಗಿ ಬರುತ್ತದೆ ಎಂಬಂಥ ಸಂಗತಿ ಅದರ ಪಟ್ಟಿಯಲ್ಲಿ ಸಿಗುವುದಿಲ್ಲ.

### ಹಂತ 2: ಅಕ್ಷರ ಬಿಡಿ, ಬಾಯಿ ಏನು ಮಾಡುತ್ತದೆ ಎಂದು ಬರೆಯಿರಿ

ಕನ್ನಡದವರು ಹೆಚ್ಚು ಜಾರುವ ಜಾಗ ಇದು. ನಮ್ಮ ಲಿಪಿ ಉಚ್ಚಾರಕ್ಕೆ ಹತ್ತಿರ ಇದೆಯಲ್ವಾ, ಹಾಗಾಗಿ ಅಕ್ಷರವೇ ಧ್ವನಿ ಎಂದುಕೊಳ್ಳುತ್ತೇವೆ. ತುಳು ಪದಗಳ ಕೊನೆಯಲ್ಲಿ ಬರುವ, ತುಟಿ ದುಂಡಗಾಗದ ಆ ಉಕಾರವನ್ನು ನೆನಪಿಸಿಕೊಳ್ಳಿ. ಕನ್ನಡ ವರ್ಣಮಾಲೆಯಲ್ಲಿ ಅದಕ್ಕೆ ಅಕ್ಷರ ಇಲ್ಲ. ಧ್ವನಿ ಮಾತ್ರ ಇದೆ.

ಳ ಹೇಳುವಾಗ ನಾಲಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳವನ್ನು ಮುಟ್ಟುತ್ತದೆ, ಗಾಳಿ ಪಕ್ಕಗಳಿಂದ ಹೋಗುತ್ತದೆ, ಗಂಟಲು ಅದುರುತ್ತದೆ. ಇಷ್ಟು ಬರೆದುಕೊಂಡರೆ ಐಪಿಎ ಪಟದಲ್ಲಿ ಜಾಗ ತಾನೇ ಸಿಗುತ್ತದೆ. ಮೂರ್ಧನ್ಯಗಳ ಕಂಬಸಾಲು, ಪಕ್ಕದಿಂದ ಗಾಳಿ ಬಿಡುವ ಧ್ವನಿಗಳ ಅಡ್ಡಸಾಲು. ಅಲ್ಲಿರುವ ಚಿಹ್ನೆ ಇಂಗ್ಲಿಷಿನ ಸಣ್ಣ ಎಲ್ ಹಾಗೆ, ಬುಡದಲ್ಲಿ ಬಲಕ್ಕೆ ಬಾಗಿದ ಬಾಲ. ಟ, ಣ ಚಿಹ್ನೆಗಳಿಗೂ ಅದೇ ಬಾಲ ಇರುತ್ತದೆ. ಒತ್ತಿ ಕೇಳಿ, ನೀವೂ ಹೇಳಿ ನೋಡಿ. ಎರಡೂ ಕೂಡಿದರೆ ಮಾತ್ರ ಮುಂದಿನ ಹಂತ.

ಪದೇ ಪದೇ ಆಗುವ ತಪ್ಪುಗಳು ಇವು:

- ಯ ಹುಡುಕಲು ವೈ ಒತ್ತುವುದು. ಐಪಿಎಯಲ್ಲಿ ಯಕಾರಕ್ಕೆ ಇರುವುದು ಜೆ ಚಿಹ್ನೆ. ವೈ ಎಂದರೆ ತುಟಿ ದುಂಡಗೆ ಮಾಡಿ ‘ಇ’ ಹೇಳಿದಂಥ ಸ್ವರ. ಫ್ರೆಂಚ್, ಜರ್ಮನ್‌ಗಳಲ್ಲಿ ಇದೆ, ಜಗತ್ತಿನಲ್ಲಿ ಕಡಿಮೆ. ವೈ ಒತ್ತಿದವರು ಯಕಾರ ಬಹಳ ಅಪರೂಪ ಎಂದು ಬರೆದುಬಿಡುತ್ತಾರೆ. ನಿಜವಾಗಿ ಅದು ಫಾಯ್ಬಲ್‌ನ ಶೇ. 90ರಷ್ಟು ಪಟ್ಟಿಗಳಲ್ಲಿದೆ.
- ಗ ಹುಡುಕಲು ಕೀಲಿಮಣೆಯ ಜಿ ಒತ್ತುವುದು. ಐಪಿಎ ಜಿ ಕಣ್ಣಿಗೆ ಅದೇ ಥರ ಕಂಡರೂ ಯೂನಿಕೋಡಿನಲ್ಲಿ ಬೇರೆ ಸಂಕೇತ. ಎಕ್ಸೆಲ್‌ನಲ್ಲಿ ಸೊನ್ನೆ ಬರುತ್ತದೆ.
- ಚ, ಜ ಚಿಹ್ನೆಗಳನ್ನು ಬೇರೆ ಕಡೆಯಿಂದ ತರುವುದು. ಎರಡು ಚಿಹ್ನೆ ಸೇರಿಸಿ ಬರೆಯುವ ಧ್ವನಿಗಳಿವು. ಫಾಯ್ಬಲ್ ಮೊದಲ ಚಿಹ್ನೆಯ ಕೆಳಗೆ ಪುಟ್ಟ ಅಡ್ಡಗೆರೆ ಹಾಕುತ್ತದೆ, ಬೇರೆಯವರು ಮೇಲೆ ಕಮಾನು ಹಾಕುತ್ತಾರೆ. ಗೆರೆ ತಪ್ಪಿದರೆ ಸಿಗುವುದಿಲ್ಲ.

ಪರಿಹಾರ ಸುಲಭ. ಚಿಹ್ನೆಯನ್ನು ಎಂದೂ ಟೈಪ್ ಮಾಡಬೇಡಿ. ಫಾಯ್ಬಲ್ ಪುಟದಿಂದಲೇ ಕಾಪಿ ಮಾಡಿ.

### ಹಂತ 3: ಅದು ಅರ್ಥ ಬದಲಿಸುತ್ತದೆಯೇ?

ಈ ಪಟ್ಟಿಗಳು ಬಾಯಿಂದ ಬರುವ ಪ್ರತಿ ಸದ್ದನ್ನೂ ಎಣಿಸುವುದಿಲ್ಲ. ಎಣಿಸುವುದು ಧ್ವನಿಮಾಗಳನ್ನು, ಅಂದರೆ ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಪದವೇ ಬೇರೆಯಾಗುವಂಥ ಧ್ವನಿಗಳನ್ನು. ಕನ್ನಡದಲ್ಲಿ ಹಲ್ಲಿ–ಹಳ್ಳಿ, ಬೆಲೆ–ಬೆಳೆ, ಕೊಲೆ–ಕೊಳೆ ಬೇರೆ ಬೇರೆ ಪದಗಳು. ಆದ್ದರಿಂದ ಳ ನಮ್ಮಲ್ಲಿ ಅನುಮಾನವಿಲ್ಲದೆ ಧ್ವನಿಮಾ. ಮನೆ–ಮಣೆ ಇರುವುದರಿಂದ ಣ ಕೂಡ.

ಙ ಹಾಗಲ್ಲ. ‘ಅಂಗಡಿ’, ‘ಶಂಖ’ ಎನ್ನುವಾಗ ಆ ಧ್ವನಿ ಬಾಯಲ್ಲಿ ಬಂದೇ ಬರುತ್ತದೆ. ಆದರೆ ಅದು ಬರುವುದು ಕವರ್ಗದ ಹಿಂದೆ ಮಾತ್ರ. ಅದೊಂದರಿಂದಲೇ ಪದ ಬದಲಾಗುವುದಿಲ್ಲ. ವರ್ಣಮಾಲೆಯಲ್ಲಿ ಅಕ್ಷರ ಇದೆ ಎಂದು ಅದನ್ನು ಕನ್ನಡದ ಲೆಕ್ಕಕ್ಕೆ ಸೇರಿಸಿದರೆ ಎಣಿಕೆ ಕೆಡುತ್ತದೆ. ಇಂಥದ್ದಕ್ಕೆ ಉಪಧ್ವನಿ ಎನ್ನುತ್ತಾರೆ. ಐದನೇ ಹಂತದಲ್ಲಿ ಇಳಿಸಿಕೊಳ್ಳುವ ಫಾಯ್ಬಲ್‌ನ ಕಡತದಲ್ಲಿ ಉಪಧ್ವನಿಗಳಿಗೆ ಬೇರೆಯೇ ಕಂಬಸಾಲಿದೆ. ಅದನ್ನೂ ಸೇರಿಸಿ ಎಣಿಸಬೇಡಿ.

ಋಗ್ವೇದದ ಮೊದಲ ಋಕ್ಕಿನಲ್ಲೇ ‘ಅಗ್ನಿಮೀಳೇ’ ಎಂದು ಳ ಬರುತ್ತದೆ. ಅಲ್ಲಿ ಎರಡು ಸ್ವರಗಳ ನಡುವೆ ಬಂದ ಡಕಾರವೇ ಳ ಆಗಿದೆ. ಧ್ವನಿ ಕೇಳಿಸುತ್ತದೆ, ಆದರೆ ಸ್ವತಂತ್ರ ಧ್ವನಿಮಾ ಅಲ್ಲ. ನಾರ್ವೇಜಿಯನ್ ಮತ್ತು ಸ್ವೀಡಿಷ್‌ನ ಹಲವು ಒಳನುಡಿಗಳಲ್ಲಿ ರ್ ಮತ್ತು ಲ್ ಕೂಡಿದಾಗ ಳಕಾರದಂಥ ಧ್ವನಿ ಬರುತ್ತದೆ. ಅದನ್ನು ಬೇರೆ ಧ್ವನಿಮಾ ಎನ್ನಬೇಕೋ, ಎರಡು ಧ್ವನಿಗಳ ಜೋಡಿ ಎನ್ನಬೇಕೋ ಎಂಬುದರಲ್ಲಿ ವಿದ್ವಾಂಸರು ಒಂದೇ ಮಾತು ಹೇಳುವುದಿಲ್ಲ.

ಮಹಾಪ್ರಾಣಗಳಲ್ಲಿ ಇನ್ನೂ ಹುಷಾರಾಗಿರಬೇಕು. ಕಥೆ ಎಂದರೂ ಕತೆ ಎಂದರೂ ನಮಗೆ ಒಂದೇ. ಬಹಳ ಜನರ ಆಡುಮಾತಿನಲ್ಲಿ ಮಹಾಪ್ರಾಣ ಕೇಳಿಸುವುದೇ ಇಲ್ಲ. ಹೆಚ್ಚಿನವು ಸಂಸ್ಕೃತದಿಂದ ಬಂದ ಪದಗಳ ಜೊತೆ ಬಂದಂಥವು. ಒಬ್ಬ ಸಂಶೋಧಕ ಅವನ್ನು ಕನ್ನಡದ ಪಟ್ಟಿಗೆ ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಇಂಥ ಅಂಚಿನ ಧ್ವನಿಗಳನ್ನು ಗುರುತಿಸಲು ಕಡತದಲ್ಲಿ ‘ಮಾರ್ಜಿನಲ್’ ಎಂಬ ಕಂಬಸಾಲು ಇದೆ. ಅದರಲ್ಲಿ ‘ಟ್ರೂ’ ಎಂದಿರುವ ಸಾಲುಗಳನ್ನು ಸೇರಿಸುತ್ತೀರೋ ಬಿಡುತ್ತೀರೋ ಎಂದು ಮೊದಲೇ ತೀರ್ಮಾನಿಸಿ, ಬರೆದಿಡಿ. ಉತ್ತರ ನೋಡಿದ ಮೇಲೆ ತೀರ್ಮಾನಿಸಿದರೆ ನಮಗೆ ಇಷ್ಟವಾದ ಸಂಖ್ಯೆಯ ಕಡೆಗೇ ವಾಲುತ್ತೇವೆ.

### ಹಂತ 4: ಈಗ ಹುಡುಕಿ, ಮೊದಲು ಪರೀಕ್ಷೆ ಮಾಡಿಕೊಂಡು

ಫಾಯ್ಬಲ್ ಪುಟದಲ್ಲಿ ‘ಸೆಗ್ಮೆಂಟ್ಸ್’ ಎಂಬ ವಿಭಾಗ ತೆರೆಯಿರಿ. ಪ್ರತಿ ಧ್ವನಿಯ ಎದುರು ಅದು ಎಷ್ಟು ಪಟ್ಟಿಗಳಲ್ಲಿದೆ, ಶೇಕಡಾ ಎಷ್ಟು ಎಂದು ಕಾಣುತ್ತದೆ.

ನೇರವಾಗಿ ಳ ನೋಡಬೇಡಿ. ಗೊತ್ತಿರುವ ಕೆಲವು ಧ್ವನಿಗಳಿಂದ ಶುರು ಮಾಡಿ. ಮ ಶೇ. 96, ಇ 92, ಕ 90, ಪ 86, ಸ 67 ಎಂಬ ಆಸುಪಾಸು ಬರಬೇಕು. ಮಕಾರಕ್ಕೆ ಶೇ. 90ಕ್ಕಿಂತ ಕಡಿಮೆ ಬಂದರೆ ನೀವು ತಪ್ಪು ಚಿಹ್ನೆ ಹಿಡಿದಿದ್ದೀರಿ, ಅಥವಾ ಯಾವುದೋ ಫಿಲ್ಟರ್ ಹಾಕಿಟ್ಟಿದ್ದೀರಿ.

ನಂತರ ನ, ತ ನೋಡಿ. ಇಲ್ಲಿ ಅನುಮಾನ ಬರಲೇಬೇಕು. ನ ಶೇ. 78 ಮಾತ್ರ, ತ ಶೇ. 68. ಮಕಾರಕ್ಕಿಂತ ನಕಾರ ಅಷ್ಟೊಂದು ಕಡಿಮೆಯೇ? ಪಕಾರಕ್ಕಿಂತ ತಕಾರ ಕಡಿಮೆಯೇ? ಇಲ್ಲ. ನಾಲಗೆ ಹಲ್ಲಿಗೆ ತಾಗುವ ತ ಬೇರೆ ಚಿಹ್ನೆ, ವಸಡಿಗೆ ತಾಗುವ ತ ಬೇರೆ ಚಿಹ್ನೆ. ಹಲ್ಲಿನ ತಕಾರಕ್ಕೆ ಕೆಳಗೆ ಸೇತುವೆಯಂಥ ಗುರುತಿದೆ, ಅದು ಬೇರೆ ಸಾಲಿನಲ್ಲಿ ಶೇ. 23ರಷ್ಟಿದೆ. ನಮ್ಮ ತ ಆ ಗುಂಪಿನದು. ಮಕಾರಕ್ಕೆ ಇಂಥ ಒಡಕು ಇಲ್ಲ, ಎರಡು ತುಟಿ ಸೇರಿದರೆ ಮುಗಿಯಿತು. ಅದಕ್ಕೇ ಅದರ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ.

ಹಾಗಂತ 68ಕ್ಕೆ 23 ಕೂಡಿಸಿ 91 ಎನ್ನಬೇಡಿ. ಮಲಯಾಳಂನಲ್ಲಿ ಹಲ್ಲಿನದೂ ಇದೆ, ವಸಡಿನದೂ ಇದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಎಷ್ಟೋ ಭಾಷೆಗಳಲ್ಲೂ ಎರಡೂ ಇವೆ. ಕೂಡಿಸಿದರೆ ಅವು ಎರಡೆರಡು ಸಲ ಎಣಿಕೆಯಾಗುತ್ತವೆ. ಗುಂಪಿನ ಲೆಕ್ಕ ಬೇಕಿದ್ದರೆ ಮುಂದಿನ ಹಂತದ ಹಾಗೆ ಕಡತ ಇಳಿಸಿಕೊಂಡು, “ಇದರಲ್ಲಿ ಯಾವುದಾದರೂ ಒಂದು ಇದೆಯೇ” ಎಂದು ಭಾಷೆ ಭಾಷೆಯಾಗಿ ನೋಡಬೇಕು.

ಈಗ ಮೂರ್ಧನ್ಯಗಳು. ಟ ಶೇ. 16ರಷ್ಟು, ಣ 13ರಷ್ಟು. ಳ ಇವೆರಡಕ್ಕಿಂತ ಕೆಳಗೆ. ಟಕಾರಕ್ಕಿಂತ ಡಕಾರ ಕಡಿಮೆ ಇರುವುದನ್ನೂ ಗಮನಿಸಿ. ಆಸ್ಟ್ರೇಲಿಯಾದ ಹೆಚ್ಚಿನ ಭಾಷೆಗಳಲ್ಲಿ ಟ–ಡ ಎಂಬ ವ್ಯತ್ಯಾಸ ಇಲ್ಲ, ಒಂದೇ ಧ್ವನಿಮಾ. ಅದು ಪಟ್ಟಿಯಲ್ಲಿ ಟ ಎಂದು ಸೇರುತ್ತದೆ.

### ಹಂತ 5: ಛೇದ ಸರಿಮಾಡಿ

ಜಾಲದಲ್ಲಿ ಕಾಣುವ ಶೇಕಡಾ ಲೆಕ್ಕಕ್ಕೆ ಛೇದ 3,020. ಅದು ಭಾಷೆಗಳ ಸಂಖ್ಯೆ ಅಲ್ಲ, ಪಟ್ಟಿಗಳ ಸಂಖ್ಯೆ. ಒಂದೇ ಭಾಷೆಯ ಬಗ್ಗೆ ಬೇರೆ ಬೇರೆ ಸಂಶೋಧಕರು ಮಾಡಿದ ಎರಡು ಮೂರು ಪಟ್ಟಿಗಳು ಒಟ್ಟಿಗೆ ಇರುತ್ತವೆ. ಹೆಚ್ಚು ಅಧ್ಯಯನವಾದ ಭಾಷೆಗೆ ಹೆಚ್ಚು ಮತ ಸಿಕ್ಕಂತಾಗುತ್ತದೆ. “ಇಷ್ಟು ಶೇಕಡಾ ಭಾಷೆಗಳಲ್ಲಿ” ಎಂದು ಬರೆಯಬೇಕಿದ್ದರೆ ಒಂದು ಭಾಷೆಗೆ ಒಂದೇ ಮತ ಇರಬೇಕು.

1. ಫಾಯ್ಬಲ್‌ನ ಸಿಎಸ್‌ವಿ ಕಡತ ಇಳಿಸಿಕೊಳ್ಳಿ. ಒಂದು ಲಕ್ಷಕ್ಕೂ ಹೆಚ್ಚು ಸಾಲುಗಳಿವೆ. ಒಂದು ಸಾಲು ಎಂದರೆ ಒಂದು ಪಟ್ಟಿಯ ಒಂದು ಧ್ವನಿ.
2. ಎರಡು ಸಲ ಕ್ಲಿಕ್ ಮಾಡಿ ತೆರೆಯಬೇಡಿ, ಎಕ್ಸೆಲ್‌ನಲ್ಲಿ ಚಿಹ್ನೆಗಳೆಲ್ಲ ಚಿತ್ರವಿಚಿತ್ರ ಗುರುತುಗಳಾಗಬಹುದು. ಖಾಲಿ ಹಾಳೆ ತೆರೆದು, ‘ಡೇಟಾ’ ಮೆನುವಿನಿಂದ ಕಡತವನ್ನು ಒಳಗೆ ತಂದು, ಯುಟಿಎಫ್-8 ಆರಿಸಿ. ಲಿಬ್ರೆ ಆಫೀಸ್ ತೆರೆಯುವಾಗಲೇ ಇದನ್ನು ಕೇಳುತ್ತದೆ.
3. ‘ಫೋನೀಮ್’ ಕಂಬಸಾಲಿಗೆ ಫಿಲ್ಟರ್ ಹಾಕಿ, ಕಾಪಿ ಮಾಡಿದ ಚಿಹ್ನೆ ಅಂಟಿಸಿ. ಕೋಶಕ್ಕೆ ಪೂರ್ತಿ ಹೊಂದಬೇಕು ಎಂಬ ಆಯ್ಕೆ ಇರಲಿ. ಇಲ್ಲದಿದ್ದರೆ ಅದರ ಒತ್ತಕ್ಷರದ ರೂಪ, ಮಹಾಪ್ರಾಣದ ರೂಪ ಎಲ್ಲವೂ ಸೇರಿಕೊಳ್ಳುತ್ತವೆ.
4. ಬಂದ ಸಾಲುಗಳನ್ನು ಹೊಸ ಹಾಳೆಗೆ ಅಂಟಿಸಿ, ‘ಗ್ಲಾಟೋಕೋಡ್’ (ಪ್ರತಿ ಭಾಷೆಗೂ ಗ್ಲಾಟೋಲಾಗ್ ಕೊಟ್ಟಿರುವ ಗುರುತು) ಕಂಬಸಾಲಿನ ಆಧಾರದ ಮೇಲೆ ನಕಲುಗಳನ್ನು ತೆಗೆದುಹಾಕಿ. ಉಳಿದ ಸಾಲುಗಳೇ ನಿಮ್ಮ ಅಂಶ.
5. ಇಡೀ ಕಡತದಲ್ಲೂ ಹಾಗೆಯೇ ಗ್ಲಾಟೋಕೋಡ್‌ಗಳ ನಕಲು ತೆಗೆದು ಎಣಿಸಿ. ಅದು ಛೇದ. 2,180ರ ಆಸುಪಾಸು ಬರಬೇಕು. ಮೂರು ಸಾವಿರ ಬಂದರೆ ಪಟ್ಟಿ ಎಣಿಸಿದ್ದೀರಿ, ಲಕ್ಷ ಬಂದರೆ ಸಾಲು ಎಣಿಸಿದ್ದೀರಿ.

ಹೀಗೆ ಮಾಡಿದಾಗ, ಒಂದು ಭಾಷೆಯ ಯಾವುದಾದರೂ ಒಂದು ಪಟ್ಟಿಯಲ್ಲಿ ಳ ಇದ್ದರೂ ಆ ಭಾಷೆ ಎಣಿಕೆಗೆ ಬರುತ್ತದೆ. ಇದು ಸಂಖ್ಯೆಯನ್ನು ಸ್ವಲ್ಪ ಮೇಲಕ್ಕೆ ತಳ್ಳುತ್ತದೆ. ನಿಯಮ ಇದೇ ಇರಲಿ, ಆದರೆ ಬರೆಯುವಾಗ ಹೇಳಿ.

ಇದಿಷ್ಟೂ ಜಗತ್ತಿನ ಸುಮಾರು 7,000 ಭಾಷೆಗಳಲ್ಲಿ ಮೂರನೇ ಒಂದಕ್ಕಿಂತ ಕಡಿಮೆ ಭಾಗದ ಲೆಕ್ಕ ಎಂಬುದನ್ನೂ ಮರೆಯಬೇಡಿ.

### ಹಂತ 6: ಕುಟುಂಬ ಮತ್ತು ಪ್ರದೇಶ ನೋಡದೆ ಸಂಖ್ಯೆ ಬರೆಯಬೇಡಿ

ಕನ್ನಡ, ತಮಿಳು, ಮಲಯಾಳಂ, ತುಳು, ಕೊಡವ ಭಾಷೆಗಳಲ್ಲಿ ಳ ಇದೆ ಎಂದರೆ ಐದು ಸ್ವತಂತ್ರ ಸಾಕ್ಷಿ ಸಿಕ್ಕಂತಲ್ಲ. ಒಂದೇ ಮನೆಯ ಐದು ಜನರನ್ನು ಕೇಳಿ ಊರಿನ ಅಭಿಪ್ರಾಯ ಎಂದ ಹಾಗೆ ಆಗುತ್ತದೆ. ಅದಕ್ಕೇ ಕುಟುಂಬಗಳ ಲೆಕ್ಕ ಬೇಕು. ಗ್ಲಾಟೋಲಾಗ್‌ನಿಂದ ಭಾಷೆಗಳ ಕೋಷ್ಟಕ ಇಳಿಸಿ, ಗ್ಲಾಟೋಕೋಡ್ ಹಿಡಿದು ವಿ-ಲುಕಪ್ (ಒಂದು ಕೋಷ್ಟಕದ ಮಾಹಿತಿಯನ್ನು ಇನ್ನೊಂದಕ್ಕೆ ಹೊಂದಿಸಿ ತರುವ ಎಕ್ಸೆಲ್ ಸೂತ್ರ) ಹಾಕಿದರೆ ಪ್ರತಿ ಭಾಷೆಯ ಕುಟುಂಬ ಪಕ್ಕದಲ್ಲೇ ಬರುತ್ತದೆ. ಆಮೇಲೆ ಪಿವಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ಎಣಿಸಿಕೊಡುವ ಕೋಷ್ಟಕ) ಮಾಡಿ, ಕುಟುಂಬವಾರು ಎಣಿಸಿ.

ಳಕಾರದ ಚಿತ್ರ ತೆರೆದುಕೊಳ್ಳುವುದು ಇಲ್ಲೇ. ದ್ರಾವಿಡದಲ್ಲಿ ಇದೆ. ಇಂಡೋ-ಆರ್ಯದ ಮರಾಠಿ, ಕೊಂಕಣಿ, ಗುಜರಾತಿ, ಪಂಜಾಬಿ, ಒಡಿಯಾಗಳಲ್ಲಿ ಇದೆ, ಪಕ್ಕದ ಶಿಷ್ಟ ಹಿಂದಿಯಲ್ಲಿ ಇಲ್ಲ. ನಮ್ಮೊಂದಿಗೆ ಯಾವ ನಂಟೂ ತೋರಿಸಲಾಗದ ಆಸ್ಟ್ರೇಲಿಯಾದ ಭಾಷೆಗಳಲ್ಲಿ ಬಹಳಷ್ಟು ಇದೆ. ಅಂದರೆ ಳ ಎರಡು ದೊಡ್ಡ ಪ್ರದೇಶಗಳಲ್ಲಿ ದಟ್ಟವಾಗಿದೆ, ಉಳಿದೆಡೆ ವಿರಳ. ಶೇಕಡಾ ಒಂದೇ ಹೇಳಿದರೆ ಇದು ಕಾಣುವುದೇ ಇಲ್ಲ.

ಇನ್ನೊಂದು ಎಚ್ಚರಿಕೆ. ಫಾಯ್ಬಲ್ ಹಲವು ಸಂಗ್ರಹಗಳನ್ನು ಕೂಡಿಸಿ ಮಾಡಿದ್ದು. ಅದರಲ್ಲಿ ಆಸ್ಟ್ರೇಲಿಯಾದ್ದೇ ಒಂದು ಸಂಗ್ರಹ, 392 ಪಟ್ಟಿಗಳಷ್ಟು ದೊಡ್ಡದು. ಭಾರತದ ಭಾಷೆಗಳದೂ ಒಂದು ಇದೆ, 100 ಪಟ್ಟಿಗಳು. ಮೂರ್ಧನ್ಯಗಳು ಹೆಚ್ಚಿರುವ ಎರಡೂ ಪ್ರದೇಶಗಳು ಹೀಗೆ ದಂಡಿಯಾಗಿ ಸೇರಿರುವುದರಿಂದ ಟ, ಣ, ಳ ಸಂಖ್ಯೆಗಳು ಉಬ್ಬಿವೆ. ‘ಸೋರ್ಸ್’ ಕಂಬಸಾಲಿನಲ್ಲಿ ಆ ಎರಡು ಸಂಗ್ರಹಗಳನ್ನು ಒಮ್ಮೆ ಬಿಟ್ಟು ಎಣಿಸಿ. ಸಂಖ್ಯೆ ತಟ್ಟನೆ ಕುಸಿದರೆ ನಿಮ್ಮ ಧ್ವನಿ ಪ್ರದೇಶಕ್ಕೆ ಅಂಟಿಕೊಂಡದ್ದು. ಮಕಾರದಲ್ಲಿ ಇದೇ ಪ್ರಯೋಗ ಮಾಡಿ ನೋಡಿ, ಹೆಚ್ಚೇನೂ ಅಲುಗುವುದಿಲ್ಲ.

ಬೇರೆ ಧ್ವನಿಗಳಲ್ಲೂ ಇದೇ ಕಥೆ. ಕ ಮತ್ತು ಪ ಒಟ್ಟಿಗೇ ಒಡೆಯುವ ಧ್ವನಿ ವಾಲ್ಸ್‌ನ 567ರಲ್ಲಿ 45 ಭಾಷೆಗಳಲ್ಲಿದೆ, ಹೆಚ್ಚುಕಡಿಮೆ ಎಲ್ಲವೂ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ. ನಾಲಗೆಯಿಂದ ಲೊಟ್ಟೆ ಹೊಡೆದಂಥ ಕ್ಲಿಕ್ ಧ್ವನಿಗಳು ಅಲ್ಲಿ ಸುಮಾರು 10 ಭಾಷೆಗಳಿಗೆ ಸೀಮಿತ, ಎಲ್ಲವೂ ಆಫ್ರಿಕಾದ ದಕ್ಷಿಣ ಮತ್ತು ಪೂರ್ವದವು.

### ಹಂತ 7: ಇಲ್ಲದಿರುವುದನ್ನೂ ಹುಡುಕಿ

“ಎಲ್ಲ ಭಾಷೆಗಳಲ್ಲೂ ಇದೆ” ಎಂದು ಬರೆಯುವ ಮುನ್ನ ಇಲ್ಲದ ಭಾಷೆ ಹುಡುಕುವುದು ಕಡ್ಡಾಯ. ಅರಬ್ಬಿಯ ಶಿಷ್ಟ ರೂಪದಲ್ಲಿ ಪ ಇಲ್ಲ. ಉತ್ತರ ಅಮೆರಿಕದ ಮೋಹಾಕ್ ಭಾಷೆಯ ಸ್ವಂತ ಪದಗಳಲ್ಲಿ ಪ, ಬ, ಮ ಮೂರೂ ಇಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಲಶೂಟ್‌ಸೀಡ್‌ನಲ್ಲಿ ದಿನನಿತ್ಯದ ಮಾತಿಗೆ ಅನುನಾಸಿಕಗಳೇ ಇಲ್ಲ. ಹವಾಯಿ ಭಾಷೆಯಲ್ಲಿ ತ ಮತ್ತು ಕ ಬೇರೆ ಧ್ವನಿಮಾಗಳಲ್ಲ. ಆಸ್ಟ್ರೇಲಿಯಾದ ಹೆಚ್ಚಿನ ಭಾಷೆಗಳಲ್ಲಿ ಸಕಾರ ಇಲ್ಲ. ವಾಲ್ಸ್‌ನಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ, 18ನೆಯದು. ಅಪರೂಪದ ವ್ಯಂಜನಗಳದ್ದು ಅದರ ಮುಂದಿನದು.

ೞ ಬಗ್ಗೆ ಅನುಮಾನ ಇರುವವರು ಇದೇ ಏಳು ಹಂತ ಹಾಕಿ ನೋಡಿ. ಹಳಗನ್ನಡದಲ್ಲಿ ಇದ್ದು ನಮ್ಮಲ್ಲಿ ಹೋದ ಧ್ವನಿ ಅದು. ತಲೆಕೆಳಗಾದ ಆರ್, ಬುಡದಲ್ಲಿ ಬಲಕ್ಕೆ ಬಾಲ, ಅದರ ಚಿಹ್ನೆ. ಆಸ್ಟ್ರೇಲಿಯಾದ ಪಟ್ಟಿಗಳು ಸಾಲು ಸಾಲಾಗಿ ಬರುತ್ತವೆ, ಚಿಲಿಯ ಮಾಪುಚೆ ಜನರ ಭಾಷೆಯೂ ಸಿಗುತ್ತದೆ. ಒಂದು ಚಿಹ್ನೆ ಎಂದ ಮಾತ್ರಕ್ಕೆ ಉಚ್ಚಾರ ಕೂದಲೆಳೆಯಷ್ಟೂ ಬೇರೆಯಿಲ್ಲ ಎಂದಲ್ಲ. ಆದರೆ “ತಮಿಳು, ಮಲಯಾಳಂನಲ್ಲಿ ಮಾತ್ರ” ಎನ್ನುವ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ.

### ಹಂತ 8: ಬರೆಯುವಾಗ ಈ ಐದು ಸೇರಿಸಿ

ಯಾವ ಆಕರ, ಯಾವ ಆವೃತ್ತಿ, ಛೇದ ಎಷ್ಟು, ಎಷ್ಟು ಕುಟುಂಬ, ಯಾವ ಪ್ರದೇಶ. ವಾಕ್ಯ ಹೀಗಿರಲಿ: “ಫಾಯ್ಬಲ್ 2.0ರ ಇಷ್ಟು ಭಾಷೆಗಳಲ್ಲಿ ಇಷ್ಟರಲ್ಲಿ ಳ ಧ್ವನಿಮಾ ಇದೆ, ಅವು ಇಷ್ಟು ಕುಟುಂಬಗಳಿಗೆ ಸೇರಿದವು, ಹೆಚ್ಚಿನವು ದಕ್ಷಿಣ ಏಷ್ಯಾ ಮತ್ತು ಆಸ್ಟ್ರೇಲಿಯಾದವು.” ಖಾಲಿ ಬಿಟ್ಟ ಜಾಗಗಳನ್ನು ನಿಮ್ಮ ಹಾಳೆಯ ಸಂಖ್ಯೆಗಳಿಂದ ತುಂಬಿ. ದಶಾಂಶ ಬೇಡ. ಶೇ. 7.43 ಎಂದು ಬರೆದರೆ ಇಲ್ಲದ ಖಚಿತತೆ ತೋರಿಸಿದಂತಾಗುತ್ತದೆ.

ಬೇರೆಯವರು ಕಳಿಸಿದ ಅಂಕಿ ನೋಡುವಾಗ ಅನುಮಾನ ಪಡಬೇಕಾದ ಗುರುತುಗಳು ಇವು. “ಮಾತ್ರ”, “ಎಲ್ಲ”, “ಎಲ್ಲೂ ಇಲ್ಲ” ಎಂಬ ಪದಗಳು. ಛೇದ ಹೇಳದ ಶೇಕಡಾ. ಧ್ವನಿಯ ಬದಲು ಅಕ್ಷರದ ಹೆಸರು. ಭಾಷೆಗಳ ಸಂಖ್ಯೆ ಎಂದು ಹೇಳಿ ಜನರ ಸಂಖ್ಯೆ ಕೊಟ್ಟಿರುವುದು. ಇವುಗಳಲ್ಲಿ ಒಂದು ಕಂಡರೂ ಸುಮ್ನೆ ಮುಂದೆ ಕಳಿಸಬೇಡಿ, ಕಡತ ತೆರೆದು ಒಂದನೇ ಹಂತದಿಂದ ಶುರು ಮಾಡಿ. ಎಣಿಸಿದ ಹಾಳೆಯನ್ನು ಆವೃತ್ತಿಯ ಹೆಸರು ಹಾಕಿ ಉಳಿಸಿಡಿ. ಹೊಸ ಆವೃತ್ತಿ ಬಂದಾಗ ಸಂಖ್ಯೆ ಯಾಕೆ ಬದಲಾಯಿತು ಎಂದು ನೋಡಲು ಅದು ಬೇಕಾಗುತ್ತದೆ.